ಎರಡು ಕಡೆ ಮಲಗಿದ್ದ ಅಜ್ಜಿ

ಆ ಸಂಶೋಧನಾ ಪತ್ರಿಕೆಯ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಲೇಖನ ಒಪ್ಪಿದ್ದೇವೆ ಎಂಬ ಪತ್ರಗಳೆಲ್ಲ ಸಂಪಾದಕರ ಹೆಸರಿನಲ್ಲಿ ಹೋಗುತ್ತಿದ್ದವು. ಲೇಖನ ಬೇಡ ಎಂಬ ಪತ್ರಗಳೆಲ್ಲ ಸಹಾಯಕ ಸಂಪಾದಕಿಯ ಹೆಸರಿನಲ್ಲಿ ಹೋಗುತ್ತಿದ್ದವು. ಇದನ್ನು ಯಾರು ಯಾವಾಗ ಶುರು ಮಾಡಿದರೋ ಯಾರಿಗೂ ನೆನಪಿರಲಿಲ್ಲ. ಸಂಪಾದಕರು ಸಭೆ ಸಮಾರಂಭಗಳಿಗೆ ಹೋಗುವ ಮನುಷ್ಯ, ಎದುರು ಸಿಕ್ಕವರ ಕೈ ಕುಲುಕಬೇಕು, ನಗಬೇಕು. ಬೈಸಿಕೊಳ್ಳುವ ಕೆಲಸಕ್ಕೂ ಒಬ್ಬರು ಬೇಕಲ್ಲ. ಹಾಗಾಗಿ ಎಲ್ಲೆಲ್ಲಿಯೋ ಇರುವ ಪ್ರಾಧ್ಯಾಪಕರಿಗೆ ಸಹಾಯಕ ಸಂಪಾದಕಿಯ ಮುಖ ಗೊತ್ತಿರಲಿಲ್ಲ, ಹೆಸರು ಗೊತ್ತಿತ್ತು, ಆ ಹೆಸರು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಕಚೇರಿಯವರು ಆಕೆಯನ್ನು ಕಡ್ಡಿ ಮೇಡಂ ಎನ್ನುತ್ತಿದ್ದರು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ, ಆಕೆ ತುಸು ದಪ್ಪಗೇ ಇದ್ದರು. ಮಾತು ಕಡ್ಡಿ ಮುರಿದ ಹಾಗಿರುತ್ತಿತ್ತು, ಅದಕ್ಕೆ.

ಕಚೇರಿ ಎಂದರೆ ಕಾಲೇಜಿನ ಹಳೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಎರಡು ಕೋಣೆಗಳು. ಪಾಠ ಮುಗಿದು ವಿದ್ಯಾರ್ಥಿಗಳು ಮೇಲಿನಿಂದ ದಡಬಡ ಇಳಿದಾಗ ಚಾವಣಿಯಿಂದ ಸುಣ್ಣದ ಪುಡಿ ಕೀಬೋರ್ಡಿನ ಮೇಲೆ ಉದುರುತ್ತಿತ್ತು. ಹಳೆಯ ಸಂಚಿಕೆಗಳನ್ನು ಕಿಟಕಿಯ ಎತ್ತರಕ್ಕೆ ಪೇರಿಸಿಟ್ಟಿದ್ದರಿಂದ ಹಗಲಲ್ಲೂ ದೀಪ ಹಾಕಬೇಕಿತ್ತು. ಒಳಗಿನ ಕೋಣೆ ಸಂಪಾದಕರದು. ಹೊರಗಿನದರಲ್ಲಿ ಕಡ್ಡಿ ಮೇಡಂ, ಒಂದು ಕಂಪ್ಯೂಟರು, ನೀರು ಕಾಯಿಸುವ ಕೆಟಲು, ಮತ್ತು ಬಂದವರು ಕೂರಲೆಂದು ಇಟ್ಟ, ಒಂದು ಕಾಲು ಮೋಟಾದ ಕುರ್ಚಿ.

ಆಕೆಯೂ ಒಂದು ಕಾಲದಲ್ಲಿ ಸಂಶೋಧನೆಗೆ ಸೇರಿದ್ದವರೇ. ಮಾವನವರು ಹಾಸಿಗೆ ಹಿಡಿದಾಗ ನೋಡಿಕೊಳ್ಳುವವರಿಲ್ಲದೆ ಅರ್ಧಕ್ಕೆ ಬಿಟ್ಟಿದ್ದರು. ಮಾವ ಹೋದ ಮೇಲೆ ಮತ್ತೆ ಹಿಡಿಯಲಾಗಲಿಲ್ಲ, ಈ ಕೆಲಸ ಸಿಕ್ಕಿತು. ತಾವು ಬರೆಯಲಾಗದ್ದನ್ನು ಬೇರೆಯವರಾದರೂ ಸರಿಯಾಗಿ ಬರೆಯಲಿ ಎಂಬ ಹಟ ಹುಟ್ಟಿತು. ಪ್ರತಿ ಸಾಲಿನ ಕೆಳಗೂ ಸ್ಕೇಲು ಇಟ್ಟು ಓದುತ್ತಿದ್ದರು. ಕದ್ದು ಬರೆದವರನ್ನು ಕಂಡರಂತೂ ಮೈ ಉರಿಯುತ್ತಿತ್ತು. ಕಷ್ಟಪಟ್ಟವನ ಬೆವರನ್ನು ಸುಖವಾಗಿ ಕೂತವನು ಒರೆಸಿಕೊಂಡು ಹೋಗುವುದು ಎಂದರೇನು?

ಆದ್ದರಿಂದಲೇ ಕಳ್ಳತನ ಹಿಡಿಯುವ ಸಾಫ್ಟ್‌ವೇರು ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ಅವರೇ. ಲೇಖನವನ್ನು ಅದರ ಬಾಯಿಗೆ ಹಾಕಿದರೆ ಈಗಾಗಲೇ ಅಚ್ಚಾಗಿರುವ ಬರಹಗಳ ಜೊತೆ ಹೋಲಿಸಿ, ಒಂದೇ ಥರ ಇರುವ ಸಾಲುಗಳಿಗೆ ಕೆಂಪು ಬಳಿದು, ಶೇಕಡಾ ಇಷ್ಟು ಎಂದು ಹೇಳುತ್ತಿತ್ತು. ಮಿತಿ ದಾಟಿದರೆ ಮುಂದಿನ ಮಾತೇ ಇಲ್ಲ. ‘ನಿಮ್ಮ ಲೇಖನದಲ್ಲಿ ಕೃತಿಚೌರ್ಯ ಕಂಡುಬಂದಿದೆ’ ಎಂಬ ಸಿದ್ಧ ಪತ್ರ ಲೇಖಕರಿಗೆ ಹೋಗುತ್ತಿತ್ತು. ಅದರ ಒಂದು ಪ್ರತಿ ಲೇಖಕರು ಕೆಲಸ ಮಾಡುವ ಸಂಸ್ಥೆಯ ಮುಖ್ಯಸ್ಥರಿಗೂ ಹೋಗುತ್ತಿತ್ತು. ಸಂಪಾದಕ ಮಂಡಳಿ ಒಂದು ಸಭೆಯಲ್ಲಿ, ಚಹಾ ಆರುವುದರೊಳಗೆ, ಇದನ್ನು ತೀರ್ಮಾನಿಸಿತ್ತು. ಲೇಖಕರನ್ನು ಮೊದಲು ಒಂದು ಮಾತು ಕೇಳಬೇಕಲ್ಲವೇ ಎಂದು ಯಾರೂ ಹೇಳಲಿಲ್ಲ. ಕಡ್ಡಿ ಮೇಡಂ ಕೂಡ ಹೇಳಲಿಲ್ಲ. ಕದ್ದವರನ್ನು ಕೇಳುವುದೇನು ಎಂದುಕೊಂಡಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಒಬ್ಬ ಹುಡುಗಿ ಬಂದು ಅವರ ಮೇಜಿನ ಮೇಲೆ ಒಂದು ಪತ್ರ ಇಟ್ಟು, ಕೆಳಗಿನ ಹೆಸರಿನ ಮೇಲೆ ಬೆರಳಿಟ್ಟಳು.

“ಈ ಹೆಸರಿನವರು ನೀವೇನಾ?”

“ನಾನೇ. ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ನನ್ನ ಮನೆಗೆ ನಾನೇ ಕನ್ನ ಹಾಕಿದೀನಿ ಅಂತ ಬರ್ದಿದೀರಲ್ಲ ಮೇಡಂ, ಆ ಕನ್ನ ಎಲ್ಲಿದೆ ತೋರ್ಸಿ. ನೋಡ್ಕೊಂಡು ಹೋಗ್ತೀನಿ.”

ಅವಳು ಆಸ್ಪತ್ರೆಯೊಂದರಲ್ಲಿ ಜನರ ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಹಿಟ್ಟಿನ ಗಿರಣಿಗಳಲ್ಲಿ ದುಡಿಯುವವರ ಕಿವಿ ಹೇಗೆ ಮಂದವಾಗುತ್ತ ಹೋಗುತ್ತದೆ ಎಂಬುದರ ಬಗ್ಗೆ ಲೇಖನ ಬರೆದಿದ್ದಳು. ರಜೆಯ ದಿನಗಳಲ್ಲಿ ಶಬ್ದ ಅಳೆಯುವ ಉಪಕರಣ ಹೊತ್ತುಕೊಂಡು ಗಿರಣಿ ಗಿರಣಿ ಅಲೆದಿದ್ದಳು. ಮೈತುಂಬ ಹಿಟ್ಟು ಮಾಡಿಕೊಂಡು ಮನೆಗೆ ಹೋದರೆ ಅವಳ ತಮ್ಮ, ದೆವ್ವ ಬಂತು ಎನ್ನುತ್ತಿದ್ದನಂತೆ. ಮೊದಲ ಕರಡನ್ನು ಈ ಪತ್ರಿಕೆ ವಿಷಯ ಬಲ್ಲ ಇಬ್ಬರು ಪರಿಶೀಲಕರಿಗೆ ಕಳಿಸಿ, ತಿದ್ದಿ ತನ್ನಿ ಎಂದು ಹಿಂದಿರುಗಿಸಿತ್ತು. ತಿದ್ದಿ ಕಳಿಸಿದಾಗ ಬಂದದ್ದು ಈ ಪತ್ರ. ಆಸ್ಪತ್ರೆಯ ಮುಖ್ಯಸ್ಥರಿಗೂ ಬಂದಿತ್ತು. ಅವಳ ಕೆಲಸ ಕಾಯಂ ಆಗುವುದರಲ್ಲಿತ್ತು, ಅದನ್ನು ತಡೆಹಿಡಿದು ವಿಚಾರಣೆ ಇಟ್ಟಿದ್ದರು. ಜೊತೆಯವರು ಅವಳು ಎದುರು ಬಂದರೆ ತಮಾಷೆಗೆ ಜೇಬಿನ ಪೆನ್ನು ಮುಚ್ಚಿಕೊಳ್ಳುತ್ತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಅವಳ ದನಿ ಸ್ವಲ್ಪ ನಡುಗಿತು.

ಕಡ್ಡಿ ಮೇಡಂಗೆ ಇಂಥ ನಡುಕ ಹೊಸದಲ್ಲ. ಕದ್ದವರೂ ಅಳುತ್ತಾರೆ, ಚೆನ್ನಾಗಿಯೇ ಅಳುತ್ತಾರೆ. ಅವರು ಕಂಪ್ಯೂಟರಿನ ಮುಖವನ್ನು ಅವಳ ಕಡೆ ತಿರುಗಿಸಿದರು. ಅವಳ ಲೇಖನ ಯಾವುದರ ಜೊತೆ ಹೊಂದುತ್ತಿತ್ತೋ ಆ ಲೇಖನ ಅಲ್ಲಿತ್ತು. ಹೆಸರಾಂತ ಪ್ರಾಧ್ಯಾಪಕರೊಬ್ಬರದು, ಬೇರೊಂದು ಪತ್ರಿಕೆಯಲ್ಲಿ ಎರಡು ತಿಂಗಳ ಹಿಂದೆ ಅಚ್ಚಾದದ್ದು. ಗಿರಣಿಗಳೆಲ್ಲ ತಮ್ಮ ಊರಿನವು ಎಂದು ಬರೆದುಕೊಂಡಿದ್ದರು.

ಹುಡುಗಿ ನಿಂತೇ ಓದಿದಳು. ಓದುತ್ತ ಓದುತ್ತ ಅವಳಿಗೆ ನಗು ಬಂತು, ಒಳ್ಳೆಯ ನಗುವಲ್ಲ.

“ಅಜ್ಜಿ ಇಲ್ಲೂ ಮಲಗಿದಾರೆ,” ಎಂದಳು.

ಯಾವ ಅಜ್ಜಿ ಎಂದು ಕೇಳಿದ್ದಕ್ಕೆ ವಿವರಿಸಿದಳು. ಮೂರನೆಯ ಗಿರಣಿಯಲ್ಲಿ ಎರಡು ಯಂತ್ರಗಳಿದ್ದವು. ಅಳೆಯಲು ಹೋದ ದಿನ ಮಾಲೀಕ ಒಂದನ್ನು ನಿಲ್ಲಿಸಿದ್ದ. ಹಿಂದಿನ ಕೋಣೆಯಲ್ಲಿ ಅಮ್ಮ ಮಲಗಿದ್ದಾರೆ, ನಿದ್ದೆ ಕೆಡುತ್ತದೆ ಎಂದಿದ್ದ. ಅಲ್ಲಿ ಶಬ್ದ ಯಾಕೆ ಕಡಿಮೆ ಎಂಬುದಕ್ಕೆ ಅವಳು ಮೊದಲ ಕರಡಿನಲ್ಲಿ ಅದನ್ನೇ ಕಾರಣವಾಗಿ ಬರೆದಿದ್ದಳು. ಲೇಖನ ತಿದ್ದುವಾಗ ಅನುಮಾನ ಬಂದು ಮತ್ತೊಮ್ಮೆ ಹೋದಳು. ಹೋದವಳು ಮಾಲೀಕನ ಮನೆಯವರ ಕಿವಿಗಳನ್ನೂ ಪರೀಕ್ಷಿಸಿದಳು.

“ಆ ಅಜ್ಜಿಗೆ ಗುಡುಗಿದ್ರೂ ಕೇಳ್ಸಲ್ಲ ಮೇಡಂ. ಅವರ ನಿದ್ದೆಗೋಸ್ಕರ ಮಿಷಿನ್ ನಿಲ್ಸೋದು ಶುದ್ಧ ಸುಳ್ಳು. ನಾನು ಸರ್ಕಾರದ ಕಡೆಯವಳು, ಶಬ್ದ ಜಾಸ್ತಿ ಅಂತ ಬಾಗಿಲು ಹಾಕಿಸ್ತೀನಿ ಅಂತ ಮಾಲೀಕ ಹೆದರಿ ಒಂದನ್ನ ನಿಲ್ಸಿದ್ನಂತೆ. ಆಮೇಲೆ ಅವನೇ ನಕ್ಕೊಂಡು ಹೇಳ್ದ. ಎರಡೂ ಓಡಿಸಿ ಮತ್ತೆ ಅಳೆದು, ಅಜ್ಜಿನ ತೆಗೆದುಹಾಕಿ ನಿಮಗೆ ಕಳ್ಸಿದೆ. ಆ ಸುಳ್ಳನ್ನ ನಾನು ನಂಬಿದ್ದೆ, ಸರಿ. ಈ ದೊಡ್ಡ ಮನುಷ್ಯರಿಗೆ ಅದನ್ನ ಯಾರು ಹೇಳಿದ್ರು?”

ಕಡ್ಡಿ ಮೇಡಂ ಸ್ಕೇಲು ಕೆಳಗಿಟ್ಟರು.

ಅಜ್ಜಿ ಮಲಗಿದ್ದ ಕರಡು ಎಲ್ಲೂ ಅಚ್ಚಾಗಿರಲಿಲ್ಲ. ಅದನ್ನು ಓದಿದವರು ಈ ಹುಡುಗಿ, ಈ ಕಚೇರಿ, ಮತ್ತು ಇಬ್ಬರು ಪರಿಶೀಲಕರು. ಪರಿಶೀಲಕರು ಯಾರು ಎಂಬುದು ಲೇಖಕರಿಗೆ ತಿಳಿಯಬಾರದು ಎಂಬ ನಿಯಮ ಇರುವುದರಿಂದ ಆ ಎರಡು ಹೆಸರು ಗೊತ್ತಿದ್ದದ್ದು ಸಂಪಾದಕರಿಗೆ ಮತ್ತು ಕಡ್ಡಿ ಮೇಡಂಗೆ ಮಾತ್ರ. ಒಬ್ಬರು ಬೇಗನೆ ಓದಿ ಒಳ್ಳೆಯ ಸಲಹೆ ಕೊಟ್ಟಿದ್ದರು. ಇನ್ನೊಬ್ಬರು ತಿಂಗಳುಗಟ್ಟಲೆ ಇಟ್ಟುಕೊಂಡು ಕೂತಿದ್ದರು. ಆ ಇನ್ನೊಬ್ಬರ ಹೆಸರು ಈಗ ಪರದೆಯ ಮೇಲೆ, ಲೇಖಕರ ಜಾಗದಲ್ಲಿ, ದಪ್ಪ ಅಕ್ಷರದಲ್ಲಿತ್ತು. ಪತ್ರ ಕಳಿಸಿದ ದಿನ ಕಡ್ಡಿ ಮೇಡಂ ನೋಡಿದ್ದು ಶೇಕಡಾ ಎಷ್ಟು ಎಂಬುದನ್ನಷ್ಟೆ, ಹೆಸರನ್ನಲ್ಲ.

ಕಣ್ಣಿನ ಆಪರೇಷನ್ ಆಗಿದೆ, ಓದಲು ಆಗುತ್ತಿಲ್ಲ ಎಂದು ಆ ಪ್ರಾಧ್ಯಾಪಕರು ಆಗ ಬರೆದಿದ್ದರು. ‘ಅವಸರವಿಲ್ಲ ಸರ್, ಬೇಗ ಗುಣವಾಗಲಿ’ ಎಂದು ಉತ್ತರ ಬರೆದವರು ಕಡ್ಡಿ ಮೇಡಂ. ಜೀವಮಾನದಲ್ಲಿ ಅಷ್ಟು ಮೃದುವಾಗಿ ಅವರು ಯಾರಿಗೂ ಬರೆದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದಾಗ ಇವರು ಬೇಲಿಯ ಆರೋಗ್ಯ ವಿಚಾರಿಸುತ್ತ ಕೂತಿದ್ದರು. ಮೇಯ್ದ ಮೇಲೆ ಹೊಲದವಳ ಮೇಲೆ ಕಳ್ಳಿ ಎಂದು ಪತ್ರ ಬರೆದವರೂ ಇವರೇ. ಯಂತ್ರಕ್ಕೆ ಗೊತ್ತಾಗುವುದು ಯಾರದು ಮೊದಲು ಅಚ್ಚಾಯಿತು ಎಂಬುದಷ್ಟೆ. ಯಾರು ಮೊದಲು ಬರೆದರು ಎಂಬುದನ್ನು ಮನುಷ್ಯರು ಕೇಳಬೇಕು. ಕೇಳಿರಲಿಲ್ಲ.

“ನಾನು ಏನು ಮಾಡ್ಬೇಕು ಹೇಳಿ,” ಎಂದರು. ಅವರು ಹೀಗೆ ಕೇಳಿದ್ದನ್ನು ಕಚೇರಿಯ ಗೋಡೆಗಳೂ ಕೇಳಿರಲಿಕ್ಕಿಲ್ಲ.

“ಮುಂದಿನ ವಾರ ನನ್ನ ವಿಚಾರಣೆ. ನೀವು ಬರ್ದದ್ದನ್ನ ನೀವೇ ತಪ್ಪು ಅಂತ ಬರ್ದುಕೊಟ್ರೆ ನನ್ನ ಕೆಲಸ ಉಳಿಯುತ್ತೆ. ನಾನು ಬಾಯಿ ಬಡ್ಕೊಂಡ್ರೆ ಯಾರೂ ನಂಬಲ್ಲ. ಕಳ್ಳಿ ಅಲ್ವಾ ನಾನು.”

ಅವಳು ಹೋದ ಮೇಲೆ ಕಡ್ಡಿ ಮೇಡಂ ಪ್ರಾಧ್ಯಾಪಕರಿಗೆ ಫೋನು ಮಾಡಿದರು. ಇವರನ್ನಾದರೂ ಮೊದಲು ಕೇಳಬೇಕು, ಒಂದು ತಪ್ಪನ್ನು ಎರಡು ಸಲ ಮಾಡಬಾರದು ಎಂದುಕೊಂಡರು. ಪ್ರಾಧ್ಯಾಪಕರು ಬಹಳ ಆತ್ಮೀಯವಾಗಿ ಮಾತಾಡಿದರು. ಗಿರಣಿ ಎಲ್ಲಿದ್ದರೂ ಗಿರಣಿಯೇ, ಶಬ್ದ ಎಲ್ಲಿದ್ದರೂ ಶಬ್ದವೇ, ಇಬ್ಬರಿಗೆ ಒಂದೇ ವಿಚಾರ ಹೊಳೆಯುವುದು ವಿಜ್ಞಾನದಲ್ಲಿ ಸಹಜ ಎಂದರು. ಕಡ್ಡಿ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ನಿಮ್ಮ ಮೂರನೆಯ ಗಿರಣಿಯಲ್ಲಿ ಮಲಗಿದ್ದ ಅಜ್ಜಿ ಹೇಗಿದ್ದಾರೆ ಎಂದು ವಿಚಾರಿಸಿದರು.

“ಯಾವ ಅಜ್ಜಿ ಅಮ್ಮಾ?” ಎಂದರು ಪ್ರಾಧ್ಯಾಪಕರು.

ತಮ್ಮ ಹೆಸರಿನ ಲೇಖನವನ್ನು ಅವರು ಓದಿಯೂ ಇರಲಿಲ್ಲ. ಕದಿಯುವುದರಲ್ಲೂ ಇಷ್ಟು ಸೋಮಾರಿತನವೇ? ಕಡ್ಡಿ ಮೇಡಂ ಪೇಜು ಎಷ್ಟು, ಸಾಲು ಎಷ್ಟು ಎಂದು ಹೇಳಿದ ಮೇಲೆ ಆ ಕಡೆಯ ದನಿ ಬದಲಾಯಿತು. ಅದು ತಮ್ಮ ವಿದ್ಯಾರ್ಥಿ ಬರೆದದ್ದಂತೆ, ತಾವು ಹೆಸರು ಸೇರಿಸಲು ಒಪ್ಪಿದ್ದಷ್ಟೇ ಅಂತೆ, ಈಗಿನ ಹುಡುಗರು ಹೀಗೇ ಅಂತೆ.

“ಪರಿಶೀಲನೆಗೆ ಅಂತ ನಿಮ್ಮ ಕೈಗೆ ಕೊಟ್ಟ ಕರಡು ಆ ಹುಡುಗನ ಕೈಗೆ ಹೇಗೆ ಹೋಯ್ತು ಸರ್? ನಿಮ್ಮ ಕಣ್ಣಿಗೆ ಆಪರೇಷನ್ ಆಗಿತ್ತಲ್ಲ, ಅವನ ಕಣ್ಣು ಸಾಲ ತಗೊಂಡ್ರಾ?”

ನಿಮ್ಮ ಸಂಪಾದಕರ ಹತ್ತಿರ ಮಾತಾಡುತ್ತೇನೆ ಬಿಡಿ ಎಂದು ಪ್ರಾಧ್ಯಾಪಕರು ಫೋನು ಇಟ್ಟರು. ಮಾತಿಗೆ ತಪ್ಪುವ ಮನುಷ್ಯರಲ್ಲ. ಒಳಗಿನ ಕೋಣೆಯ ಫೋನು ಕೂಡಲೇ ಬಡಿದುಕೊಂಡಿತು.

ಸ್ವಲ್ಪ ಹೊತ್ತಿನ ಮೇಲೆ ಸಂಪಾದಕರು ಆಕೆಯನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿಸಿ, ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದರು. ಅವರು ಕೆಟ್ಟವರೇನಲ್ಲ, ಯಾರನ್ನೂ ನೋಯಿಸಬಾರದು ಎಂಬ ಸ್ವಭಾವದವರು. ಅಂಥವರು ಕೊನೆಗೆ ನೋಯಿಸುವುದು ಎದುರಿಗೆ ಇಲ್ಲದವರನ್ನು. ಹುಡುಗಿಗೆ ಅನ್ಯಾಯ ಆಗಿದೆ, ಒಪ್ಪುತ್ತೇನೆ ಎಂದರು. ಅವಳ ಲೇಖನವನ್ನು ಮುಂದಿನ ಸಂಚಿಕೆಯಲ್ಲೇ ಹಾಕೋಣ, ಒಂದೇ ಒಂದು ಸಣ್ಣ ಬದಲಾವಣೆ, ಪ್ರಾಧ್ಯಾಪಕರ ಲೇಖನವನ್ನು ಈ ವಿಷಯದ ಮೊದಲ ಕೆಲಸ ಎಂದು ಅವಳು ಉಲ್ಲೇಖಿಸಿಬಿಡಲಿ, ಆಗ ಯಂತ್ರವೂ ಸುಮ್ಮನಾಗುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ ಎಂದರು. ಆಸ್ಪತ್ರೆಗೆ, ತಾಂತ್ರಿಕ ಕಾರಣಗಳಿಂದ ಹಿಂದಿನ ಪತ್ರವನ್ನು ಪರಿಗಣಿಸಬೇಡಿ ಎಂದು ಒಂದು ಸಾಲು ಬರೆದರಾಯಿತು.

ಕಡ್ಡಿ ಮೇಡಂ ಬಿಸ್ಕತ್ತು ಮುಟ್ಟಲಿಲ್ಲ.

“ಅಂದ್ರೆ ಕದ್ದವರಿಗೆ ಆ ಹುಡುಗಿ ಉಪಕಾರ ಸ್ಮರಣೆ ಬರೀಬೇಕು. ನನ್ನ ಸಾಮಾನು ಮೊದಲು ಇವರ ಮನೇಲೇ ಇತ್ತು ಅಂತ.”

“ಹಾಗಲ್ಲ ಮೇಡಂ. ಅವರು ಎಷ್ಟು ವರ್ಷದಿಂದ ನಮಗೆ ಬಿಟ್ಟಿ ಪರಿಶೀಲನೆ ಮಾಡ್ಕೊಡ್ತಿದಾರೆ. ನಾಳೆ ಇದು ಹೊರಗೆ ಬಂದ್ರೆ ನಮಗೆ ಯಾರು ಲೇಖನ ಕಳಿಸ್ತಾರೆ? ಪತ್ರಿಕೆ ಮರ್ಯಾದೆ ನೋಡ್ಬೇಕಲ್ಲ.”

“ಬಿಟ್ಟಿ ಅಂತ ಯಾಕೆ ಅಂತೀರಿ ಸರ್. ಕೂಲಿ ಅವರೇ ತಗೊಂಡಿದಾರೆ. ಇನ್ನೆಷ್ಟು ಜನರ ಹತ್ರ ತಗೊಂಡಿದಾರೋ ನಾವು ನೋಡಿಲ್ಲ. ತಾಂತ್ರಿಕ ಕಾರಣ ಅಂದ್ರೆ ಏನು? ಅವರ ಹೆಸರಾ, ನಿಮ್ಮ ಹೆಸರಾ, ನನ್ನ ಹೆಸರಾ?”

ಸಂಪಾದಕರು ಕನ್ನಡಕ ತೆಗೆದು ಒರೆಸಿದರು. ಅದಕ್ಕಿಂತ ಹೆಚ್ಚಿನ ಯಾವ ಪತ್ರಕ್ಕೂ ತಾವು ಸಹಿ ಹಾಕುವುದಿಲ್ಲ ಎಂದರು. ಮಾರನೆಯ ದಿನ ಒಂದು ವಿಚಾರ ಸಂಕಿರಣಕ್ಕೆಂದು ಹೊರಟೂ ಹೋದರು. ಅದರ ವಿಷಯ ಸಂಶೋಧನೆಯಲ್ಲಿ ಪ್ರಾಮಾಣಿಕತೆ ಎಂದು ಗೊತ್ತಾದಾಗ ಕಡ್ಡಿ ಮೇಡಂ ಕೆಟಲಿನ ಮುಚ್ಚಳವನ್ನು ಎಷ್ಟು ಜೋರಾಗಿ ಹಾಕಿದರೆಂದರೆ ಅದರ ಹಿಡಿ ಕೈಗೆ ಬಂತು.

ಆ ಸಂಜೆ ಮನೆಯಲ್ಲಿ ಪಾತ್ರೆಗಳಿಗೆ ಕೆಟ್ಟ ಕಾಲ. ಗಂಡ ಲಿಫ್ಟು ರಿಪೇರಿ ಮಾಡುವವರು, ಮೇಲೆ ಕೆಳಗೆ ಹೋಗುವ ವಸ್ತುಗಳ ಮಧ್ಯೆ ಸಿಕ್ಕಿಕೊಳ್ಳಬಾರದು ಎಂಬ ಅನುಭವ ಇದ್ದವರು, ಪೇಪರು ಹಿಡಿದು ಬಾಲ್ಕನಿಗೆ ಸರಿದರು. ಕೂತಲ್ಲೇ ಕೂತಿದ್ದವರು ಅತ್ತೆ ಮಾತ್ರ. ಅವರಿಗೂ ಕಿವಿ ಮಂದ. ಸೊಸೆ ತರಕಾರಿ ಹೆಚ್ಚುತ್ತ ಇಡೀ ಕಥೆಯನ್ನು ಕೂಗಿ ಕೂಗಿ ಹೇಳಿದರು, ಮೇಲಿನ ಮನೆಯವರಿಗೂ ತಿಳಿಯಿತು.

“ಆ ಪತ್ರ ಯಾರ ಹೆಸರಲ್ಲಿ ಹೋಗಿತ್ತು ಅಂದೆ?” ಎಂದರು ಅತ್ತೆ.

“ನನ್ನ ಹೆಸರಲ್ಲೇ ಅತ್ತೆ. ಬೈಯೋದೆಲ್ಲ ನನ್ನ ಹೆಸರಲ್ಲೇ ಹೋಗೋದು.”

“ಮತ್ತೆ ಅವನ ಸಹಿ ಯಾಕೆ ಕಾಯ್ತಿದೀಯೇ? ಉಗುಳಿದ ಬಾಯಿ ನಿಂದು. ಒರೆಸೋಕೆ ಅವನ ಕೈ ಬೇಕಾ?”

ಕಡ್ಡಿ ಮೇಡಂ ಚಾಕು ಪಕ್ಕಕ್ಕಿಟ್ಟರು. ನಿಯಮದ ಪುಸ್ತಕವನ್ನು ತಲೆಯಲ್ಲೇ ತಿರುವಿ ಹಾಕಿದರು. ತಿರಸ್ಕಾರದ ಪತ್ರ ಸಹಾಯಕ ಸಂಪಾದಕಿಯದು. ಅದರ ತಿದ್ದುಪಡಿಯೂ ಸಹಾಯಕ ಸಂಪಾದಕಿಯದೇ. ಸಂಪಾದಕರ ಸಹಿ ಬೇಕೆಂದು ಎಲ್ಲೂ ಬರೆದಿಲ್ಲ, ಏಕೆಂದರೆ ಆ ಕಡೆ ತಲೆ ಹಾಕಲು ಸಂಪಾದಕರಿಗೆ ಎಂದೂ ಇಷ್ಟವಿರಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ, ಕೀಬೋರ್ಡಿನ ಮೇಲಿನ ಸುಣ್ಣ ಊದಿ, ಬರೆಯಲು ಕೂತರು. ಬೇರೆಯವರ ಸಾಲುಗಳನ್ನು ತಿದ್ದಿದ ಅಭ್ಯಾಸದಿಂದ ಅಡ್ಡ ಮಾತು ಒಂದೂ ಬರಲಿಲ್ಲ. ಕೃತಿಚೌರ್ಯದ ಆರೋಪ ತಪ್ಪು. ಲೇಖಕಿಯನ್ನು ಕೇಳದೆ ಪತ್ರ ಕಳಿಸಿದ್ದು ನಮ್ಮ ತಪ್ಪು. ಈ ಕೆಲಸ ಅವಳದೇ. ಅವಳ ಮೊದಲ ಕರಡು ನಮ್ಮ ಕಚೇರಿಯಿಂದ ಪರಿಶೀಲನೆಗೆ ಹೋದ ಮೇಲೆ, ಅದರಲ್ಲಿದ್ದ ಒಂದು ತಪ್ಪಿನ ಸಮೇತ, ಬೇರೆಡೆ ಬೇರೆಯವರ ಹೆಸರಿನಲ್ಲಿ ಅಚ್ಚಾಗಿದೆ. ಈ ಪತ್ರವನ್ನು ಆಸ್ಪತ್ರೆಗೆ ಕಳಿಸಿದರು. ಎರಡು ಕರಡುಗಳನ್ನೂ ತಾರೀಖಿನ ಸಮೇತ ಜೋಡಿಸಿ, ಪ್ರಾಧ್ಯಾಪಕರ ಲೇಖನ ಹಾಕಿದ ಪತ್ರಿಕೆಗೂ ಅವರ ವಿಶ್ವವಿದ್ಯಾಲಯಕ್ಕೂ ಕಳಿಸಿ, ವಿಚಾರಿಸಿ ಎಂದು ಕೇಳಿದರು. ಕಳಿಸುವ ಮೊದಲು ಹುಡುಗಿಗೆ ಫೋನು ಮಾಡಿ ಓದಿ ಹೇಳಿದರು. ಅವಳು ಎಲ್ಲವನ್ನೂ ಕೇಳಿ, ಎರಡನೆಯ ಸಾಲನ್ನು ಇನ್ನೊಮ್ಮೆ ಓದಿ ಎಂದಳು. ಓದಿದರು.

ಸಂಪಾದಕರು ಸಂಕಿರಣದಿಂದ ಬಂದವರು ಚೀಲವನ್ನೂ ಇಳಿಸದೆ ಬಾಗಿಲಲ್ಲಿ ನಿಂತರು. ಯಾರನ್ನು ಕೇಳಿ ಕಳಿಸಿದಿರಿ ಎಂದರು. ಅವರ ದನಿ ಮೊದಲ ಬಾರಿಗೆ ಏರಿತ್ತು.

“ಮೊದಲನೇ ಪತ್ರ ಕಳಿಸುವಾಗ ಯಾರನ್ನ ಕೇಳಿದ್ದೆ ಸರ್? ಅವತ್ತು ನೀವು ಬೈಲಿಲ್ಲ.”

ಮಂಡಳಿಯಲ್ಲಿ ಆಕೆಯನ್ನು ತೆಗೆಯುವ ಮಾತು ಬಂತು. ಆದರೆ ತೆಗೆದರೆ ತಿರಸ್ಕಾರದ ಪತ್ರಗಳಿಗೆ ಯಾರ ಹೆಸರು ಹಾಕುವುದು ಎಂಬ ಪ್ರಶ್ನೆಗೆ ಯಾರೂ ಬಾಯಿ ಬಿಡಲಿಲ್ಲ. ಆಕೆ ಉಳಿದರು. ಒಳಗಿನ ಕೋಣೆಯಿಂದ ಬಿಸ್ಕತ್ತಿನ ತಟ್ಟೆ ಮತ್ತೆ ಅವರ ಕಡೆ ಬರಲಿಲ್ಲ.

ಹುಡುಗಿಯ ಕೆಲಸ ಕಾಯಂ ಆಯಿತು. ಪ್ರಾಧ್ಯಾಪಕರ ಲೇಖನವನ್ನು ಆ ಪತ್ರಿಕೆ ಬಹಳ ಎಳೆದಾಡಿ ಹಿಂತೆಗೆದುಕೊಂಡಿತು. ಪ್ರಕಟಣೆಯಲ್ಲಿ ಕಳ್ಳತನ ಎಂಬ ಪದವಿಲ್ಲ, ಲೇಖಕರ ಕೋರಿಕೆಯ ಮೇರೆಗೆ ಎಂದಿತ್ತು. ವಿಶ್ವವಿದ್ಯಾಲಯ ಎಲ್ಲ ತಪ್ಪನ್ನೂ ಆ ವಿದ್ಯಾರ್ಥಿಯ ತಲೆಗೆ ಕಟ್ಟಿ ಕೈ ತೊಳೆದುಕೊಂಡಿತು. ಪ್ರಾಧ್ಯಾಪಕರು ಈಗಲೂ ವೇದಿಕೆಗಳಲ್ಲಿ ಕೂರುತ್ತಾರೆ, ಕಣ್ಣು ಚೆನ್ನಾಗಿಯೇ ಇದೆ. ಹಾಗಾದರೆ ಕರಡು ಆ ಹುಡುಗನಿಗೆ ಕೊಟ್ಟವರು ಯಾರು ಎಂದು ಕಡ್ಡಿ ಮೇಡಂ ಬರೆದ ಪತ್ರಗಳಿಗೆ ಉತ್ತರ ಬಂದಿಲ್ಲ. ಅವರು ಬರೆಯುವುದನ್ನು ನಿಲ್ಲಿಸಿಲ್ಲ.

ತನ್ನ ಲೇಖನ ಬಂದ ಸಂಚಿಕೆಯನ್ನು ಒಯ್ಯಲು ಹುಡುಗಿ ಒಂದು ದಿನ ಬಂದಳು. ಈ ಸಲ ಮೋಟು ಕಾಲಿನ ಕುರ್ಚಿಯಲ್ಲಿ ಕೂತಳು. ಮೂರನೆಯ ಗಿರಣಿಯ ಅಂಕಿ ಸರಿಯಾಗಿದೆಯೇ ಎಂದು ಮೊದಲು ನೋಡಿಕೊಂಡಳು. ಕಡ್ಡಿ ಮೇಡಂ ಚಹಾ ಕೊಟ್ಟರು. ಅವಳು ಉಪಕಾರವಾಯಿತು ಎಂದು ಹೇಳುತ್ತಾಳೇನೋ ಎಂಬ ಆಸೆ ಅವರ ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತು. ಅವಳು ಹೇಳಲಿಲ್ಲ.

“ಅವತ್ತು ಒಂದು ಫೋನ್ ಮಾಡಿ ಕೇಳಿದ್ರೆ ಸಾಕಿತ್ತು ಮೇಡಂ,” ಎಂದಳು. ಸಂಚಿಕೆಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಕಡ್ಡಿ ಮೇಡಂ ಆ ಸಿದ್ಧ ಪತ್ರವನ್ನು ಕಂಪ್ಯೂಟರಿನಿಂದ ಅಳಿಸಿದರು. ಮರುದಿನವೇ ಯಂತ್ರ ಇನ್ನೊಂದು ಲೇಖನಕ್ಕೆ ಮೈತುಂಬ ಕೆಂಪು ಬಳಿದಿತ್ತು. ಅವರು ಫೋನು ಎತ್ತಿದರು. ನಿಮ್ಮ ಲೇಖನದಲ್ಲಿ ಕೆಂಪು ಜಾಸ್ತಿ ಇದೆ, ಯಾಕೆ ಅಂತ ನೀವೇ ಹೇಳಿ, ಕೇಳ್ತೀನಿ ಎಂದರು. ಆ ಕಡೆಯ ಮನುಷ್ಯ ನಿಜವಾಗಿ ಕದ್ದವನೇ ಆಗಿದ್ದ. ಅವನು ಹೇಳಿದ ಸುಳ್ಳುಗಳನ್ನೆಲ್ಲ ಕಡ್ಡಿ ಮೇಡಂ ಹಲ್ಲು ಕಚ್ಚಿಕೊಂಡು, ಮಧ್ಯೆ ಬಾಯಿ ಹಾಕದೆ, ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಬೇಡ ಎಂದು ಬರೆದು, ಕೆಳಗೆ ತಮ್ಮ ಹೆಸರು ಹಾಕಿದರು.